ಜಮೀಲಾಳ ಪಾಸ್‌ವರ್ಡ್

ನ್ಯಾಫ್ತಲಿನ್ ಗುಳಿಗೆಯ ವಾಸನೆ ಬಂದರೆ ಬೇರೆಯವರಿಗೆ ಪೆಟ್ಟಿಗೆಯಲ್ಲಿಟ್ಟ ಮದುವೆ ಸೀರೆ ನೆನಪಾಗಬಹುದು. ನನಗೆ ಸರ್ವರ್ ನೆನಪಾಗುತ್ತದೆ. ಎಲ್ಲಿದ್ದರೂ ಒಂದು ನಿಮಿಷ ಕೂತುಬಿಡುತ್ತೇನೆ.

ಕಳೆದ ತಿಂಗಳು ಬಂದ್ಯೋಡಿನಲ್ಲಿ ಹಾಗೆಯೇ ಆಯಿತು. ಹೈವೇ ಬದಿಯ ಹೊಸ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬು. ಮೂರು ಕಂಪ್ಯೂಟರು, ಒಂದು ಸರ್ವರು. ಸರ್ವರ್ ಇಡುವ ಕಬ್ಬಿಣದ ಕಪಾಟಿನ ಬಾಗಿಲು ತೆರೆದದ್ದೇ ತಡ, ಆ ವಾಸನೆ ಮುಖಕ್ಕೆ ಹೊಡೆಯಿತು. ಕೆಳಗಿನ ಮೂಲೆಯಲ್ಲಿ ನಾಲ್ಕು ಬಿಳಿ ಗುಳಿಗೆಗಳಿದ್ದವು.

"ಇದನ್ನು ಯಾರು ಇಟ್ಟದ್ದು?" ಅಂತ ಕೇಳಿದೆ.

"ನಾನೇ. ನೀವು ಇಡುತ್ತಿದ್ದಿರಲ್ಲ ದಿನೇಶಣ್ಣ, ಜಿರಳೆ ಬಾರದ ಹಾಗೆ," ಅಂದಳು ಲ್ಯಾಬಿನ ಯಜಮಾನ್ತಿ ಜಮೀಲಾ.

ಒಂಬತ್ತು ವರ್ಷದ ನಂತರ ಅವಳು ನನ್ನೆದುರು ನಿಂತು ಆಡಿದ ಮಾತು ಅದು. ಎರಡು ದಿನ ಮೊದಲು ಫೋನು ಬಂದಿತ್ತು. "ನಾನು ಜಮೀಲಾ. ಸ್ವಂತ ಲ್ಯಾಬ್ ಮಾಡಿದ್ದೇನೆ. ಯಾರಿಗೆ ಯಾವ ಪರ್ಮಿಷನ್ ಅಂತ ಸೆಟ್ ಮಾಡಿಕೊಡಬೇಕು. ನಿಮಗಿಂತ ಚೆನ್ನಾಗಿ ತಿಳಿದವರು ಯಾರುಂಟು?" ಅಂದಿದ್ದಳು. ಕೈಯಲ್ಲಿದ್ದ ಚಾಯದ ಗ್ಲಾಸು ಅಲ್ಲೇ ಕೆಳಗಿಟ್ಟೆ. ಆಗುವುದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಹೊರಡುವ ದಿನ ಕಪಾಟಿನ ಅಡಿಯಿಂದ ಒಂದು ಹಳೆಯ ಕಾಗದ ತೆಗೆದು ಬ್ಯಾಗಿಗೆ ಹಾಕಿಕೊಂಡು ಹೋದೆ.

ಆ ಕಾಗದದ ಕಥೆ ಹೇಳಬೇಕಾದರೆ 2010ರ ಮಳೆಗಾಲಕ್ಕೆ ಹೋಗಬೇಕು. ಹೋಗಲಿಕ್ಕೆ ನನಗೆ ಮನಸ್ಸಿಲ್ಲ. ಆದರೂ ಹೋಗುವ.

ನನ್ನ ಊರು ಅಡೂರು. ಕಾಸರಗೋಡಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ ನಾಲ್ಕು ವರ್ಷ ಸುಮ್ಮನೆ ತಿರುಗಿದವನು ನಾನು. ಆಮೇಲೆ ಬಂದ್ಯೋಡಿನ ಹತ್ತಿರ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಆ ಆಸ್ಪತ್ರೆ ಈಗ ಇಲ್ಲ, ಹೆಸರು ಬೇಡ. ಅಮ್ಮ ಅಡೂರಿಡೀ "ಮಗ ಆಸ್ಪತ್ರೆಯಲ್ಲಿದ್ದಾನೆ" ಅಂತ ಹೇಳಿಕೊಂಡು ಬಂದರು. ಮೊದಲ ಸಲ ರಜೆಯಲ್ಲಿ ಹೋದಾಗ ಇಬ್ಬರು ಬಂದು "ಈಗ ಹೇಗುಂಟು ಮಾರಾಯ, ಗುಣ ಆಯಿತಾ?" ಅಂತ ವಿಚಾರಿಸಿದರು. ಇನ್ನೊಬ್ಬರು ಮಂಡಿನೋವಿಗೆ ಮಾತ್ರೆ ಕೇಳಿದರು. ನನ್ನ ಕೆಲಸ ಎಂತದು ಅಂತ ಅಮ್ಮನಿಗೂ ಗೊತ್ತಿರಲಿಲ್ಲ.

ಕೆಲಸ ಇಷ್ಟೇ. ಮೆಟ್ಟಿಲಿನ ಅಡಿಯ ಸಣ್ಣ ಕೋಣೆಯಲ್ಲಿ ಒಂದು ಸರ್ವರ್. ಮಳೆಗಾಲದಲ್ಲಿ ಗೋಡೆ ಬೆವರುತ್ತಿತ್ತು. ಥಂಡಿ ಹೋಗಲು ಒಂದು ಬಲ್ಬು ಹಗಲಿಡೀ ಉರಿಸುತ್ತಿದ್ದೆ, ಜಿರಳೆಗೆ ನ್ಯಾಫ್ತಲಿನ್ ಹಾಕುತ್ತಿದ್ದೆ. ಅಲ್ಲಿ ಕೂತು, ಯಾರಿಗೆ ಯಾವ ಬಾಗಿಲು ತೆರೆಯಬೇಕು, ಯಾವುದು ತೆರೆಯಬಾರದು ಅಂತ ನೋಡಿಕೊಳ್ಳುವುದು. ಕೌಂಟರಿನವರು ರೋಗಿಯ ಹೆಸರು, ಪ್ರಾಯ ಬರೆಯಬಹುದು, ರಿಪೋರ್ಟನ್ನು ಮುಟ್ಟಬಾರದು. ಲ್ಯಾಬಿನವರು ರಿಪೋರ್ಟ್ ಬರೆಯಬಹುದು. ಆದರೆ ಬರೆದದ್ದು ಹೊರಗೆ ಹೋಗಬೇಕಾದರೆ ಟೆಕ್ನಿಷಿಯನ್ ಕಲಿತ ಒಬ್ಬರು ಅದನ್ನು ಇನ್ನೊಮ್ಮೆ ಪರೀಕ್ಷೆಯ ಲೆಕ್ಕ ಬರೆದ ಚೀಟಿಯೊಂದಿಗೆ ತಾಳೆ ನೋಡಿ 'ಅಪ್ರೂವ್' ಒತ್ತಬೇಕು. ಬರೆದವರ ಕಣ್ಣು ತಪ್ಪಿದರೆ ಎರಡನೆಯವರ ಕಣ್ಣು ಹಿಡಿಯಲಿ ಅಂತ. ಆ ಅಪ್ರೂವಿನ ಪರ್ಮಿಷನ್ ಇದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ಲ್ಯಾಬಿನ ಹಿರಿಯ ಟೆಕ್ನಿಷಿಯನ್, ಇನ್ನೊಬ್ಬಳು ಜಮೀಲಾ. ಅದೂ ಲ್ಯಾಬಿನ ಒಳಗಿನ ಕಂಪ್ಯೂಟರಿನಿಂದ ಮಾತ್ರ.

ಜಮೀಲಾಳಿಗೆ ಆಗ ಇಪ್ಪತ್ತನಾಲ್ಕು. ಬಂದ್ಯೋಡಿನವಳೇ, ಮನೆಮಾತು ಬ್ಯಾರಿ, ನಮ್ಮೊಡನೆ ಕನ್ನಡ, ಕೌಂಟರಿನ ಪುಷ್ಪಕ್ಕನೊಡನೆ ತುಳು. ಗದ್ದೆ ದಾಟಿ ನಡೆದರೆ ಕಾಲು ಗಂಟೆಯಲ್ಲಿ ಅವಳ ಮನೆ. ಅಪ್ಪ ಇರಲಿಲ್ಲ, ತಾಯಿ, ಅವರ ಮಾತಿನಲ್ಲಿ ಉಮ್ಮ, ಇದ್ದರು. ಆ ಮನೆಯಿಂದ ಕೆಲಸಕ್ಕೆ ಹೊರಟ ಮೊದಲ ಹೆಣ್ಣು ಅವಳು. ಗಲ್ಫಿನ ಒಂದು ಆಸ್ಪತ್ರೆಯಿಂದ ಅವಳಿಗೆ ಕರೆ ಬಂದಿತ್ತು. ಮೂರು ವರ್ಷದ ಅನುಭವದ ಸರ್ಟಿಫಿಕೇಟ್ ಬೇಕು, ಅದರಲ್ಲಿ ಯಾವ ದೂರೂ ಇಲ್ಲ ಅಂತ ಬರೆದಿರಬೇಕು. ಆ ಅಕ್ಟೋಬರಿಗೆ ಮೂರು ವರ್ಷ ತುಂಬುತ್ತಿತ್ತು. "ಇನ್ನು ಎಷ್ಟು ದಿನ ಉಂಟು ಹೇಳಿ ನೋಡುವಾ," ಅಂತ ದಿನಾ ಬೆಳಿಗ್ಗೆ ನನ್ನನ್ನು ಕೇಳುವುದು, ನಾನು ತಪ್ಪು ಹೇಳುವುದು, ಅವಳು ಸರಿ ಹೇಳುವುದು. ಅದು ನಮ್ಮ ನಮಸ್ಕಾರ ಇದ್ದ ಹಾಗೆ.

ನನಗೊಂದು ಅಭ್ಯಾಸ ಉಂಟು. ಯಾರಾದರೂ ಪಾಸ್‌ವರ್ಡ್ ಒತ್ತುವಾಗ ನಾನು ಗೋಡೆಯ ಕಡೆಗೆ ಮುಖ ತಿರುಗಿಸುತ್ತೇನೆ. ಕಲಿಸಿದ ಮಾಸ್ಟ್ರು ಹೇಳಿಕೊಟ್ಟದ್ದು. ಜಮೀಲಾಳಿಗೆ ಅದನ್ನು ನೋಡಿದರೆ ನಗು. "ಎಂತ ಮಾರಾಯ್ರೆ, ಹೊಸ ಮದುಮಗಳ ಹಾಗೆ ಆ ಕಡೆ ತಿರುಗುವುದು! ನೀವೇ ಅಲ್ವಾ ಇದರ ಯಜಮಾನ?" ಅನ್ನುತ್ತಿದ್ದಳು. "ಯಜಮಾನನೇ ನೋಡಬಾರದ್ದು," ಅಂತ ನಾನು ಜಂಭದಲ್ಲಿ ಹೇಳುತ್ತಿದ್ದೆ. ಆ ಜಂಭವನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಆ ವರ್ಷ ಜ್ವರದ ಮಳೆಗಾಲ. ಎಲ್ಲಿ ನೋಡಿದರೂ ಡೆಂಗಿ. ಆಸ್ಪತ್ರೆಯ ವರಾಂಡದಲ್ಲಿ ಕಾಲಿಡಲು ಜಾಗ ಇಲ್ಲ, ಒದ್ದೆ ಕೊಡೆ, ಒದ್ದೆ ಚಪ್ಪಲಿ, ಕಂಬಳಿ ಹೊದ್ದು ನಡುಗುವ ಜನ. ಎಲ್ಲರಿಗೂ ಬೇಕಾದದ್ದು ಒಂದೇ, ರಕ್ತದ ಪ್ಲೇಟ್‌ಲೆಟ್ ಎಷ್ಟುಂಟು ಅಂತ. ಒಂದು ಲಕ್ಷದ ಮೇಲಿದ್ದರೆ ಮನೆಗೆ ಹೋಗಬಹುದು, ಇಪ್ಪತ್ತು ಸಾವಿರಕ್ಕಿಂತ ಕೆಳಗಿಳಿದರೆ ಮಂಗಳೂರಿಗೆ ಓಡಬೇಕು. ಅಷ್ಟರಲ್ಲಿ ಹಿರಿಯ ಟೆಕ್ನಿಷಿಯನ್ನರಿಗೇ ಡೆಂಗಿ ಬಂದು ಮಲಗಿದರು. ಅಪ್ರೂವ್ ಒತ್ತಲು ಉಳಿದವಳು ಜಮೀಲಾ ಒಬ್ಬಳೇ. ಅದೇ ವಾರ ರಂಜಾನ್ ಉಪವಾಸದ ನೋಂಬು ಶುರುವಾಯಿತು.

ಆ ಊರಿನಲ್ಲಿ ಒಂದು ಪದ್ಧತಿ ಉಂಟು. ಎಲ್ಲಿಯೂ ಬರೆದಿಟ್ಟದ್ದಲ್ಲ. ನೋಂಬಿನ ತಿಂಗಳು ಮುಸ್ಲಿಮರು ಸಂಜೆ ಮಸೀದಿಯ ಬಾಂಗಿನ ಮೊದಲು ಮನೆಗೆ ಹೋಗಬೇಕು, ಅವರ ಸಂಜೆಯ ಡ್ಯೂಟಿ ಹಿಂದೂಗಳು ನೋಡಿಕೊಳ್ಳಬೇಕು. ಅಷ್ಟಮಿ, ಚೌತಿ, ಓಣಂ ಬಂದಾಗ ಇವರ ಡ್ಯೂಟಿ ಅವರು. ರಿಜಿಸ್ಟರಿನಲ್ಲಿ ಮಾತ್ರ ಎಲ್ಲರೂ ಕೊನೆಯವರೆಗೆ ಇದ್ದ ಹಾಗೆ ಸಹಿ. ಜಮೀಲಾಳ ಸಹಿ ಪುಷ್ಪಕ್ಕ ಹಾಕುತ್ತಿದ್ದರು, ಪುಷ್ಪಕ್ಕನದ್ದನ್ನು ಚೌತಿಗೆ ಜಮೀಲಾ. ಮ್ಯಾನೇಜರ್ ಗೋಪಿನಾಥನ್ ಸಾರಿಗೂ ಗೊತ್ತಿತ್ತು, ಕಂಡೂ ಕಾಣದ ಹಾಗೆ ಇದ್ದರು. ಹೊಂದಿಕೊಂಡು ಹೋಗುವುದು ಅಂತ ನಾವು ಅದಕ್ಕೆ ಹೇಳುವುದು. ಇದು ತಪ್ಪು ಅಂತ ಆಗಲೂ ನನಗೆ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಸರ್ವರಿಗೆ ಹೊಂದಿಕೊಳ್ಳಲಿಕ್ಕೆ ಗೊತ್ತಿಲ್ಲ.

ಆ ವರ್ಷ ಜಮೀಲಾ ಮನೆಗೆ ಹೋಗುವ ಹಾಗಿರಲಿಲ್ಲ. ಮೊದಲ ಮೂರು ದಿನ ಅವಳು ಮೈಕ್ರೋಸ್ಕೋಪಿನ ಎದುರು ನಿಂತೇ ನೋಂಬು ಬಿಟ್ಟಳು. ಬಾಂಗ್ ಕೇಳಿಸಿದಾಗ ಒಂದು ಕೈಯ ಗ್ಲೌಸ್ ಕಳಚಿ, ಒಂದು ಖರ್ಜೂರ ಬಾಯಿಗೆ ಹಾಕಿ, ಒಂದು ಗುಟುಕು ನೀರು ಕುಡಿದು, ಮತ್ತೆ ಗ್ಲೌಸ್. ಮೂರನೆಯ ದಿನ ತಲೆ ತಿರುಗಿ ಸ್ಟೂಲಿನ ಮೇಲೆ ಕೂತಳು. ಪುಷ್ಪಕ್ಕ ನನ್ನ ಕೋಣೆಗೆ ಬಂದು ಬೈದರು. "ನಿನ್ನ ಆ ಪೆಟ್ಟಿಗೆಗೆ ಸ್ವಲ್ಪ ಬುದ್ಧಿ ಹೇಳು ಮಾರಾಯ. ಆ ಹುಡುಗಿ ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯಲಿಲ್ಲ. ಒಂದು ಗುಂಡಿ ಒತ್ತಲಿಕ್ಕೆ ಅವಳೇ ಬೇಕಾ? ನಾನು ಒತ್ತಿದರೆ ಆಗುವುದಿಲ್ವಾ?"

ಪುಷ್ಪಕ್ಕ ಕೌಂಟರ್ ಎರಡರಲ್ಲಿ ಹೆಸರು ಬರೆಯುವವರು. ಎಸ್ಸೆಸ್ಸೆಲ್ಸಿ ಓದಿದವರು, ಇಬ್ಬರು ಹೆಣ್ಣುಮಕ್ಕಳ ತಾಯಿ, ಕೈಯಲ್ಲಿ ಇದ್ದದ್ದನ್ನು ಎಲ್ಲರಿಗೂ ಹಂಚಿ ತಿನ್ನುವ ಜೀವ. ಅಪ್ರೂವ್ ಅವರು ಒತ್ತುವ ಹಾಗಿಲ್ಲ. ಕಲಿತವರು ಬೇಕು, ಡಾಕ್ಟರು ಬರೆದು ಕೊಡಬೇಕು, ಆಮೇಲೆ ನಾನು ಪರ್ಮಿಷನ್ ಕೊಡಬೇಕು. ಮ್ಯಾನೇಜರನ್ನು ಕೇಳಿದರೆ, "ಎಂತಾದರೂ ಒಂದು ವ್ಯವಸ್ಥೆ ಮಾಡು ದಿನೇಶ್, ಜನ ಬೊಬ್ಬೆ ಹಾಕುತ್ತಾರೆ," ಅಂತ ಹೇಳಿ ಹೋದರು.

ನಾನು ವ್ಯವಸ್ಥೆ ಮಾಡಿದೆ. ಅಯ್ಯೋ, ಎಂತ ವ್ಯವಸ್ಥೆ!

ಕೌಂಟರ್ ಎರಡರ ಕಂಪ್ಯೂಟರಿಗೂ ಅಪ್ರೂವ್ ಮಾಡುವ ಪರ್ಮಿಷನ್ ತೆರೆದೆ. ಜಮೀಲಾಳನ್ನು ಕರೆದು, "ಇಲ್ಲಿ ಒಮ್ಮೆ ನಿಮ್ಮ ಪಾಸ್‌ವರ್ಡ್ ಹೊಡೆಯಿರಿ, ಒಂದು ಸೆಟ್ಟಿಂಗ್ ಉಂಟು. ನಾಳೆಯಿಂದ ನೀವು ಆರೂವರೆಗೆ ಸಮಾಧಾನದಲ್ಲಿ ಮನೆಗೆ ಹೋಗಿ," ಅಂದೆ.

"ನಿಜವಾ? ರಿಪೋರ್ಟ್ ಯಾರು ನೋಡುವುದು?"

"ನಾನು ವ್ಯವಸ್ಥೆ ಮಾಡಿದ್ದೇನೆ."

ಅವಳು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಡಾಕ್ಟರು ಯಾರಿಗೋ ಬರೆದು ಕೊಟ್ಟಿರಬೇಕು ಅಂತ ಅಂದುಕೊಂಡಳು. ಕೀಬೋರ್ಡಿಗೆ ಕೈ ಇಟ್ಟಳು, ನಾನು ಎಂದಿನ ಹಾಗೆ ಗೋಡೆಯ ಕಡೆಗೆ ತಿರುಗಿದೆ. ಅವಳು ಒತ್ತಿ ಎದ್ದಳು. ನಾನು ಕೂತು, ಎಂಟರ್ ಹೊಡೆಯುವ ಮೊದಲು, ಕೆಳಗೆ 'ಪಾಸ್‌ವರ್ಡ್ ನೆನಪಿಟ್ಟುಕೊ' ಅಂತ ಇದ್ದ ಸಣ್ಣ ಚೌಕದಲ್ಲಿ ಟಿಕ್ ಹಾಕಿದೆ. ಅಷ್ಟೇ. ಅಂದಿನಿಂದ ಕೌಂಟರ್ ಎರಡರಲ್ಲಿ ಯಾರು ಕೂತರೂ ಸರ್ವರಿನ ಲೆಕ್ಕಕ್ಕೆ ಅವರು ಜಮೀಲಾ. ಸಂಜೆ ಲ್ಯಾಬಿನ ಹುಡುಗರು ರಕ್ತದ ಲೆಕ್ಕ ಚೀಟಿಯಲ್ಲಿ ಬರೆದು ಕಳಿಸುವುದು, ಪುಷ್ಪಕ್ಕ ಅದನ್ನು ಕಂಪ್ಯೂಟರಿಗೆ ಹಾಕಿ ಅಪ್ರೂವ್ ಒತ್ತುವುದು. ಪಾಸ್‌ವರ್ಡ್ ಎಂತ ಅಂತ ನಾನು ನೋಡಲೇ ಇಲ್ಲ, ಗೊತ್ತುಂಟಾ? ಅಷ್ಟು ಮರ್ಯಾದಸ್ಥ ನಾನು.

ಮರುದಿನ ಆರೂವರೆಗೆ ಅವಳು ಕೊಡೆ ಬಿಡಿಸಿ ಗದ್ದೆಯ ಹುಣಿಯ ದಾರಿಯಲ್ಲಿ ಓಡುವುದನ್ನು ಕಿಟಕಿಯಿಂದ ನೋಡಿ ನನಗೆ ಖುಷಿಯಾಯಿತು. ಆಚೆ ದಿನ ಬೆಳಿಗ್ಗೆ ಉಮ್ಮ ಮಾಡಿದ ಅಕ್ಕಿ ಬೆಲ್ಲದ ಕಲ್ತಪ್ಪ ತಂದು ನನಗೂ ಪುಷ್ಪಕ್ಕನಿಗೂ ಕೊಟ್ಟಳು. "ಉಮ್ಮ ನಿಮಗಾಗಿ ದುವಾ ಮಾಡಿದ್ದಾರೆ," ಅಂದಳು. ಹನ್ನೊಂದು ದಿನ ಎಲ್ಲ ಸರಿಯಾಗಿ ನಡೆಯಿತು.

ಹನ್ನೆರಡನೆಯ ದಿನ ಸಂಜೆ ಆಕಾಶ ಹರಿದು ಬಿದ್ದ ಹಾಗೆ ಮಳೆ. ಕರೆಂಟು ಎರಡು ಸಲ ಹೋಗಿ ಬಂತು. ಪುಷ್ಪಕ್ಕನ ಎದುರು ಚೀಟಿಗಳ ರಾಶಿ, ಕೌಂಟರಿನ ಕಿಂಡಿಯಲ್ಲಿ ಹತ್ತು ಕೈ. ಬಂದ್ಯೋಡು ಸ್ಟ್ಯಾಂಡಿನ ಆಟೋ ಡ್ರೈವರ್ ಚಂದ್ರಹಾಸನ ಚೀಟಿಯಲ್ಲಿ ಹದಿನೆಂಟು ಸಾವಿರ ಅಂತ ಇತ್ತು. ಪುಷ್ಪಕ್ಕನ ಬೆರಳು ಸೊನ್ನೆಯ ಮೇಲೆ ಒಮ್ಮೆ ಹೆಚ್ಚು ಬಿತ್ತು. ಒಂದು ಲಕ್ಷದ ಎಂಬತ್ತು ಸಾವಿರ ಆಯಿತು. ಬರೆದವರು ಅವರೇ, ಅಪ್ರೂವ್ ಒತ್ತಿದವರೂ ಅವರೇ. ಎರಡನೆಯ ಕಣ್ಣು ಇರಲಿಲ್ಲ. ಅದನ್ನು ತೆಗೆದವನು ನಾನು. ಆ ಹೊತ್ತಿಗೆ ಜಮೀಲಾ ಮನೆಯಲ್ಲಿ ಉಮ್ಮನೊಡನೆ ನೋಂಬು ಬಿಡುತ್ತಿದ್ದಳು.

ಡ್ಯೂಟಿಯ ಡಾಕ್ಟರು ರಿಪೋರ್ಟ್ ನೋಡಿ, ಗಂಜಿ ಕುಡಿದು ಮಲಗು ಅಂತ ಚಂದ್ರಹಾಸನನ್ನು ಕಳಿಸಿದರು. ಬೆಳಿಗ್ಗೆ ಅವನ ವಸಡಿನಿಂದ ರಕ್ತ. ಜೊತೆಯ ಡ್ರೈವರುಗಳು ಎತ್ತಿಕೊಂಡು ಮಂಗಳೂರಿಗೆ ಓಡಿದರು. ಅಲ್ಲಿಯವರು ನಮ್ಮ ರಿಪೋರ್ಟು ನೋಡಿ ಹಣೆ ಬಡಿದುಕೊಂಡರಂತೆ. ಹತ್ತು ಗಂಟೆಯೊಳಗೆ ಆಸ್ಪತ್ರೆಯ ಗೇಟಿನ ಎದುರು ಸಾಲಾಗಿ ಆಟೋಗಳು ನಿಂತವು. ಅವನ ಹೆಂಡತಿ ಮಳೆಯಲ್ಲಿ ನೆನೆಯುತ್ತಾ, ಯಾರ ಕೈಯಿಂದ ಆದದ್ದು ಅಂತ ತೋರಿಸಿ ಅಂತ ಕೂಗುತ್ತಿದ್ದಳು. ನಾನು ಮೆಟ್ಟಿಲಿನ ಅಡಿಯಲ್ಲಿ ಬಲ್ಬಿನ ಬೆಳಕಿನಲ್ಲಿ ಕೂತು ಕೇಳುತ್ತಿದ್ದೆ.

ಗೋಪಿನಾಥನ್ ಸಾರ್ ಬಂದು, "ಆ ರಿಪೋರ್ಟ್ ಅಪ್ರೂವ್ ಮಾಡಿದ್ದು ಯಾರು? ಸರ್ವರಿನಿಂದ ಪ್ರಿಂಟ್ ತೆಗೆದು ಕೊಡು," ಅಂದರು.

ತೆಗೆದೆ. ಎರಡು ಪುಟ ಬಂತು. ಮೊದಲನೆಯ ಪುಟದಲ್ಲಿ ರಿಪೋರ್ಟಿನ ನಂಬರು, ಸಂಜೆ ಆರು ಐವತ್ತು, ಬರೆದವರು ಜಮೀಲಾ, ಅಪ್ರೂವ್ ಮಾಡಿದವರು ಜಮೀಲಾ. ಎರಡನೆಯ ಪುಟದಲ್ಲಿ ಯಾವ ಕಂಪ್ಯೂಟರಿನಿಂದ ಅಂತ ಇತ್ತು, ಕೌಂಟರ್ ಎರಡು. ಅದರ ಕೆಳಗೆ ಇನ್ನೊಂದು ಸಾಲು. ಹನ್ನೆರಡು ದಿನ ಮೊದಲು ಕೌಂಟರ್ ಎರಡಕ್ಕೆ ಅಪ್ರೂವ್ ಪರ್ಮಿಷನ್ ತೆರೆಯಲಾಗಿದೆ, ತೆರೆದವರು ಅಡ್ಮಿನ್. ಅಡ್ಮಿನ್ ಅಂದರೆ ಆ ಆಸ್ಪತ್ರೆಯಲ್ಲಿ ಒಬ್ಬನೇ. ನಾನು.

ಸಾರ್ ಕೇಳಿದ್ದು ಯಾರು ಅಪ್ರೂವ್ ಮಾಡಿದ್ದು ಅಂತ ಅಲ್ವಾ? ಹಾಗಾದರೆ ಮೊದಲನೆಯ ಪುಟ ಸಾಕು. ಹಾಗೆ ನನಗೆ ನಾನೇ ಹೇಳಿಕೊಂಡೆ. ಎರಡನೆಯದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿದೆ. ಯಾರೂ ನನ್ನನ್ನು ಹೆದರಿಸಲಿಲ್ಲ, ಯಾರೂ ಹೇಳಿಕೊಡಲಿಲ್ಲ. ನಾಲ್ಕು ವರ್ಷ ಕೆಲಸವಿಲ್ಲದೆ ತಿರುಗಿದ್ದು, ಅಮ್ಮ ಊರಿಡೀ ಹೇಳಿಕೊಂಡು ಬಂದದ್ದು, ಎಲ್ಲ ಒಟ್ಟಿಗೆ ಕುತ್ತಿಗೆಗೆ ಬಂದು ಕೂತಿತು. ನನ್ನ ಕೈಯೇ ಆ ಕಾಗದವನ್ನು ಮಡಿಸಿತು.

ಮರುದಿನ ವಿಚಾರಣೆ. ಮ್ಯಾನೇಜರು, ಒಬ್ಬರು ಹಿರಿಯ ಡಾಕ್ಟರು, ಆಡಳಿತದ ಒಬ್ಬರು. ನನ್ನನ್ನೂ ಕರೆದರು. ಜಮೀಲಾ ಮೇಜಿನ ಎದುರು ನಿಂತಿದ್ದಳು. ನೋಂಬಿನ ಒಣ ತುಟಿ.

"ಇದು ನಿನ್ನ ಹೆಸರಾ?"

"ಹೌದು ಸರ್."

"ಪಾಸ್‌ವರ್ಡ್ ಯಾರಿಗಾದರೂ ಹೇಳಿದ್ದಿಯಾ?"

"ಇಲ್ಲ ಸರ್, ಯಾರಿಗೂ ಇಲ್ಲ."

"ಹಾಗಾದರೆ?"

"ಆ ಹೊತ್ತಿಗೆ ನಾನು ಇಲ್ಲಿ..." ಅಂತ ಹೇಳಹೊರಟು ಅವಳು ನಿಂತಳು. ರಿಜಿಸ್ಟರ್ ಮೇಜಿನ ಮೇಲೆ ತೆರೆದಿತ್ತು. ರಾತ್ರಿ ಎಂಟೂವರೆಯವರೆಗೆ ಅವಳು ಡ್ಯೂಟಿಯಲ್ಲಿದ್ದ ಹಾಗೆ ಸಹಿ. ಹಾಕಿದವರು ಪುಷ್ಪಕ್ಕ. ತಾನು ಇರಲಿಲ್ಲ ಅಂತ ಅವಳು ಹೇಳಿದರೆ ಕಳ್ಳ ಸಹಿಗೆ ಪುಷ್ಪಕ್ಕನ ಕೆಲಸ ಹೋಗುತ್ತದೆ. ಕಂಡೂ ಕಾಣದ ಹಾಗಿದ್ದ ಗೋಪಿನಾಥನ್ ಸಾರ್ ಆಗ ಫ್ಯಾನು ನೋಡುತ್ತಿದ್ದರು. ಜಮೀಲಾ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಸಂಶಯ ಇರಲಿಲ್ಲ, ಅದೇ ಕಷ್ಟ.

"ಕೌಂಟರ್ ಎರಡರಲ್ಲಿ ದಿನೇಶಣ್ಣ ಎಂತದೋ ಸೆಟ್ ಮಾಡಿದ್ದರು ಸರ್. ನನ್ನ ಹತ್ತಿರ ಒಮ್ಮೆ ಪಾಸ್‌ವರ್ಡ್ ಹೊಡೆಸಿದ್ದರು. ಅವರಿಗೆ ಗೊತ್ತಿರಬಹುದು."

ಮೂವರೂ ನನ್ನನ್ನು ನೋಡಿದರು. "ಎಂತ ಸೆಟ್ ಮಾಡಿದ್ದು ದಿನೇಶ್?" ಅಂತ ಗೋಪಿನಾಥನ್ ಸಾರ್ ಕೇಳಿದರು.

ಜೇಬಿನಲ್ಲಿ ಕಾಗದ ಇತ್ತು. ಎದೆಗೆ ತಾಗುತ್ತಿತ್ತು.

"ಪ್ರಿಂಟರ್, ಸರ್," ಅಂದೆ.

ಥೂ! ಇಷ್ಟು ವರ್ಷದಲ್ಲಿ ಆ ಒಂದು ಶಬ್ದವನ್ನು ಎಷ್ಟು ಸಲ ವಾಪಸು ನುಂಗಲು ನೋಡಿದ್ದೇನೋ. ಅವಳು ತಲೆ ತಗ್ಗಿಸಿದಳು. ಪಾಪ, ಪ್ರಿಂಟರೇ ಇರಬೇಕು ಅಂತ ನಂಬಿದಳು.

ಹೊರಗೆ ಬೆಂಚಿನಲ್ಲಿ ಅವಳ ಉಮ್ಮ ಒದ್ದೆ ಕೊಡೆಯನ್ನು ಮಡಿಲಲ್ಲಿ ಹಿಡಿದು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ಮೋನೇ, ಮಗನೇ, ಅವಳು ಆ ಹೊತ್ತಿಗೆ ನನ್ನ ಎದುರು ಕೂತು ಗಂಜಿ ಕುಡಿಯುತ್ತಿದ್ದಳು. ಅಲ್ಲಾಹನಾಣೆ. ಕಂಪ್ಯೂಟರ್ ಸುಳ್ಳು ಹೇಳುತ್ತದಾ?"

"ಇಲ್ಲ ಉಮ್ಮ," ಅಂದೆ.

ಹೇಳಿ ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನ್ಯಾಫ್ತಲಿನ್ ವಾಸನೆಯಲ್ಲಿ ಕೂತು ವಾಂತಿ ಮಾಡಿದೆ.

ಮತ್ತೆ ನಾಲ್ಕು ದಿನ. ಸೋಮವಾರ ಎರಡನೆಯ ಸಲ ಕೂತು ತೀರ್ಮಾನ ಹೇಳುತ್ತೇವೆ ಅಂದಿದ್ದರು. ಆ ನಾಲ್ಕು ದಿನ ನಾನು ಹೇಗಿದ್ದೆ ಅಂತ ನನಗೇ ಸರಿಯಾಗಿ ನೆನಪಿಲ್ಲ. ಮಳೆ ಬಿಡಲೇ ಇಲ್ಲ. ಹೋಟೆಲಿನಲ್ಲಿ ಅನ್ನ ಕಲಸುವುದು, ಕೈ ತೊಳೆಯುವುದು. ಒಂದು ಸಲ ಸರ್ವರಿನ ಎದುರು ಕೂತು ಎರಡನೆಯ ಪುಟದ ಆ ಸಾಲನ್ನೇ ಅಳಿಸಿದರೆ ಎಂತ ಅಂತ ಯೋಚನೆ ಬಂತು. ಅಳಿಸಲು ಹೋದವನ ಹೆಸರೂ ಅದರಲ್ಲಿ ದಾಖಲಾಗುತ್ತದೆ. ಹಾಗೆ ಸೆಟ್ ಮಾಡಿಟ್ಟವನೂ ನಾನೇ. ಇನ್ನೊಂದು ದಿನ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಚಂದ್ರಹಾಸ ಇದ್ದ ವಾರ್ಡಿನ ಹೊರಗೆ ನಿಂತೆ. ಅವನ ಹೆಂಡತಿ ನನ್ನನ್ನು ಬೇರೆ ಯಾರದೋ ಕಡೆಯವನು ಅಂತ ತಿಳಿದು, "ನಿಮ್ಮವರಿಗೂ ಡೆಂಗಿಯಾ?" ಅಂತ ಕೇಳಿ, ಕೂರಲು ಜಾಗ ಬಿಟ್ಟುಕೊಟ್ಟಳು. ಕೂತೆ. ಅವನು ಬದುಕಲಿ ದೇವರೇ, ಬದುಕಿದರೆ ಎಲ್ಲ ಹೇಳಿಬಿಡುತ್ತೇನೆ, ಅಡೂರಿನ ದೇವಸ್ಥಾನದ ನಡೆಯಲ್ಲಿ ನಿಂತು ಹೇಳಿದ ಹಾಗೆ ಹೇಳಿಬಿಡುತ್ತೇನೆ ಅಂತ ಕಣ್ಣು ಮುಚ್ಚಿ ಬೇಡಿದೆ.

ಅವನು ಬದುಕಿದ. ಭಾನುವಾರ ಸಂಜೆ ಪ್ಲೇಟ್‌ಲೆಟ್ ಏರಿತು ಅಂತ ಸುದ್ದಿ ಬಂತು. ಗೇಟಿನ ಎದುರಿದ್ದ ಆಟೋಗಳು ಸ್ಟ್ಯಾಂಡಿಗೆ ಹಿಂದೆ ಹೋದವು. ಪುಷ್ಪಕ್ಕ ಅತ್ತುಬಿಟ್ಟರು. ನನ್ನ ಕೋಣೆಗೆ ಬಂದು, "ನಾನು ಹೋಗಿ ಹೇಳುತ್ತೇನೆ ದಿನೇಶ, ಒತ್ತಿದ್ದು ನಾನು ಅಂತ. ಆ ಹುಡುಗಿಯನ್ನು ನೋಡಲಿಕ್ಕೆ ಆಗುವುದಿಲ್ಲ," ಅಂದರು. "ಸ್ವಲ್ಪ ತಾಳಿ ಪುಷ್ಪಕ್ಕ, ನಾಳೆ ನಾನೇ ಹೇಳುತ್ತೇನೆ," ಅಂದೆ. ಆ ಬಡ ಹೆಂಗಸನ್ನು ತಡೆದದ್ದೂ ನಾನೇ, ನೋಡಿ.

ಸೋಮವಾರ ಹನ್ನೊಂದಕ್ಕೆ ಆ ಕೋಣೆಯ ಬಾಗಿಲು ತಳ್ಳಿದೆ. ಕೈ ಜೇಬಿನಲ್ಲಿ, ಕಾಗದದ ಮೇಲೆ. ಜಮೀಲಾ ಕೂತು ಏನೋ ಬರೆಯುತ್ತಿದ್ದಳು. ಗೋಪಿನಾಥನ್ ಸಾರ್ ತಲೆ ಎತ್ತಿ, "ಎಂತ ದಿನೇಶ್?" ಅಂದರು.

ಬಾಯಿ ತೆರೆದೆ.

"ಏಸಿ ನೀರು ಸೋರುತ್ತದೆ ಅಂದಿದ್ದಿರಲ್ಲ ಸರ್, ನೋಡಲು ಬಂದೆ."

"ಈಗ ಬೇಡ, ಆಮೇಲೆ ಬಾ."

ಬಾಗಿಲು ಎಳೆದುಕೊಂಡೆ. ಅವಳು ಬರೆಯುತ್ತಿದ್ದದ್ದು ರಾಜೀನಾಮೆ ಅಂತ ಹತ್ತು ನಿಮಿಷದ ನಂತರ ಗೊತ್ತಾಯಿತು. ರೋಗಿ ಬದುಕಿದ್ದರಿಂದ ದೊಡ್ಡದು ಮಾಡುವುದಿಲ್ಲ, ತಪ್ಪು ಒಪ್ಪಿ ಬರೆದು ಕೊಟ್ಟು ಹೋಗು, ಅನುಭವದ ಸರ್ಟಿಫಿಕೇಟ್ ಮಾತ್ರ ಕೊಡಲಿಕ್ಕಾಗುವುದಿಲ್ಲ ಅಂದರಂತೆ. ಪುಷ್ಪಕ್ಕನ ಹೆಸರು ಅವಳು ಎತ್ತಲೇ ಇಲ್ಲ. ಪುಷ್ಪಕ್ಕ ಆಮೇಲೆ ಓಡಿ ಹೋಗಿ ಹೇಳಿದರು. ಮುಗಿದ ಕಥೆ, ಹೋಗಿ ಕೆಲಸ ನೋಡಿ ಅಂದರು ಗೋಪಿನಾಥನ್ ಸಾರ್. ಗಲ್ಫಿನ ಕೆಲಸ ಅಲ್ಲಿಗೇ ಹೋಯಿತು. ಮೂರು ವರ್ಷ ಅವಳು ನಿಂತು ನೋಡಿದ ರಕ್ತಕ್ಕೆ ಒಂದು ತುಂಡು ಕಾಗದದ ಸಾಕ್ಷಿಯೂ ಉಳಿಯಲಿಲ್ಲ.

ಅವಳ ಹೆಸರಿನ ಎಲ್ಲ ಪರ್ಮಿಷನ್ ಆ ದಿನವೇ ನಿಲ್ಲಿಸಬೇಕು ಅಂತ ನನಗೆ ಆರ್ಡರ್ ಬಂತು. ಮಧ್ಯಾಹ್ನ ಅವಳು ಮೆಟ್ಟಿಲಿನ ಅಡಿಗೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲಿ ನಿಂತಳು.

"ನನ್ನ ಹೆಸರನ್ನು ಅಳಿಸುತ್ತೀರಾ ದಿನೇಶಣ್ಣ?"

"ಅಳಿಸಲಿಕ್ಕೆ ಆಗುವುದಿಲ್ಲ. ನಿಲ್ಲಿಸಬಹುದು, ಅಷ್ಟೇ."

"ಅಂದರೆ ನಾನು ಮಾಡಿದ್ದೆಲ್ಲ ಇದರಲ್ಲಿ ಇರುತ್ತದೆ?"

"ಇರುತ್ತದೆ."

"ಮಾಡದ್ದು ಕೂಡ," ಅಂದಳು. ಅವಳ ಕಣ್ಣು ತುಂಬಿತ್ತು. ಆ ಬಲ್ಬನ್ನು ನೋಡಿದಳು. "ನಿಮಗೆ ನನ್ನಿಂದ ತೊಂದರೆ ಆಗಲಿಲ್ಲ ಅಲ್ವಾ? ಆ ದಿನ ನಿಮ್ಮ ಹೆಸರು ಹೇಳಿಬಿಟ್ಟೆ. ಹೆದರಿ ಹೇಳಿದ್ದು."

ನನ್ನ ಹತ್ತಿರ ಮಾಪು ಕೇಳಿದಳು, ಗೊತ್ತಾಯಿತಾ ನಿಮಗೆ? ಅವಳು ನನ್ನ ಹತ್ತಿರ! ನಾನು ತಲೆ ಅಲ್ಲಾಡಿಸಿದೆ. ಅವಳು ಹೋದ ಮೇಲೆ ಅವಳ ಹೆಸರಿನ ಎದುರು ಟಿಕ್ ತೆಗೆದೆ. ಕೌಂಟರ್ ಎರಡರಲ್ಲಿ ಹಾಕಿದ್ದ ಟಿಕ್ಕನ್ನೂ ತೆಗೆದೆ. ಕಿಟಕಿಯಿಂದ ನೋಡಲಿಲ್ಲ.

ನಾಚಿಕೆಯಿಂದ ನಾನು ಕೆಲಸ ಬಿಟ್ಟೆ ಅಂತ ಹೇಳಿದರೆ ನಿಮಗೆ ಸಮಾಧಾನ ಆದೀತು. ಇಲ್ಲ. ಆಸ್ಪತ್ರೆ ಮುಚ್ಚುವವರೆಗೂ ಅಲ್ಲೇ ಇದ್ದೆ. ಪ್ರತಿ ನೋಂಬಿಗೆ ಬಾಂಗ್ ಕೇಳಿಸಿದಾಗ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆಮೇಲೆ ಕಾಸರಗೋಡಿನಲ್ಲಿ ಸ್ವಂತ ಸರ್ವಿಸ್ ಅಂಗಡಿ ಮಾಡಿದೆ. ಕಾಗದ ಬಿಸಾಡಲು ಎಷ್ಟೋ ಸಲ ಕೈಗೆತ್ತಿಕೊಂಡೆ. ಆಗಲಿಲ್ಲ.

ಇಷ್ಟೆಲ್ಲ ಅವಳ ಲ್ಯಾಬಿನ ಕಪಾಟಿನ ಎದುರು ಕೂತ ಆ ಒಂದು ನಿಮಿಷದಲ್ಲಿ ನನ್ನ ಮೈಮೇಲೆ ಹರಿದು ಹೋಯಿತು. ಎದ್ದು ಕೆಲಸ ಮಾಡಿದೆ. ಕೌಂಟರಿನ ಹುಡುಗಿಗೆ ಇಷ್ಟು, ರಕ್ತ ತೆಗೆಯುವವಳಿಗೆ ಇಷ್ಟು, ಅಪ್ರೂವ್ ಜಮೀಲಾಳಿಗೆ ಮಾತ್ರ.

"ಅಡ್ಮಿನ್ ಪಾಸ್‌ವರ್ಡ್ ಕೂಡ ನಾನೇ ಇಡುತ್ತೇನೆ," ಅಂದಳು.

"ಆಯಿತು."

ಅವಳು ಕೂತಳು. ನಾನು ಅಭ್ಯಾಸದ ಬಲದಲ್ಲಿ ಗೋಡೆಯ ಕಡೆಗೆ ತಿರುಗಿದೆ. ಈ ಸಲ ಅವಳು ನಗಲಿಲ್ಲ. ಕೀಲಿಗಳ ಸದ್ದು ನಿಂತಿತು. ಎಂಟರಿನ ಸದ್ದು ಬರಲಿಲ್ಲ. ಬದಲಿಗೆ ಮೌಸಿನ ಒಂದು ಕ್ಲಿಕ್ಕು ಕೇಳಿಸಿತು. ತಿರುಗಿ ನೋಡಿದರೆ, ಪರದೆಯ ಕೆಳಗಿನ ಆ ಸಣ್ಣ ಚೌಕದಲ್ಲಿ ತಾನಾಗಿ ಬಂದು ಕೂತಿದ್ದ ಟಿಕ್ಕನ್ನು ಅವಳು ತೆಗೆದಿದ್ದಳು.

"ಆಸ್ಪತ್ರೆ ಬಿಟ್ಟ ಮೇಲೆ ಉಪ್ಪಳದಲ್ಲಿ ಒಂದು ಸಣ್ಣ ಲ್ಯಾಬಿನಲ್ಲಿ ಹೆಲ್ಪರ್ ಆಗಿ ಸೇರಿದೆ," ಅಂದಳು, ಪರದೆಯನ್ನೇ ನೋಡುತ್ತಾ. "ಅಲ್ಲಿಯವರು ಮೊದಲ ದಿನವೇ ಹೇಳಿದರು, ಇದನ್ನು ತೆಗೆಯಬೇಕು, ಇಲ್ಲದಿದ್ದರೆ ಯಾರು ಕೂತರೂ ನೀನೇ ಆಗುತ್ತಿ ಅಂತ. ಆ ದಿನ ಮನೆಗೆ ಹೋಗಿ ಉಮ್ಮನ ಹತ್ತಿರ ಹೇಳಿದೆ. ಉಮ್ಮ ನಂಬಲಿಲ್ಲ. ಆ ಹುಡುಗ ಹಾಗೆ ಮಾಡಲಿಕ್ಕಿಲ್ಲ ಅಂದರು. ಸಾಯುವವರೆಗೂ ನಂಬಲಿಲ್ಲ."

ನಾನು ಬ್ಯಾಗಿನಿಂದ ಕಾಗದ ತೆಗೆದೆ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗುವ ಹಾಗಿತ್ತು, ಮೂಲೆಯಲ್ಲಿ 'ಪುಟ 2' ಅಂತ ಅಚ್ಚಾದದ್ದು ಇನ್ನೂ ಕಾಣುತ್ತಿತ್ತು. ಅವಳು ಅದನ್ನು ಮೇಜಿನ ಮೇಲೆ ಬಿಡಿಸಿ, ರಿಪೋರ್ಟ್ ನೋಡುವ ಹಾಗೆ, ಪ್ರತಿ ಸಾಲಿಗೆ ಬೆರಳಿಟ್ಟು ಓದಿದಳು. ಕೊನೆಯ ಸಾಲಿನಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಜಮೀಲಾ, ನಾನು..."

"ಇದು ಆ ದಿನ ಬೇಕಿತ್ತು," ಅಂದಳು. ಮೊದಲಿನ ಮಡಿಕೆಯಲ್ಲೇ ಮಡಿಸಿ ನನ್ನ ಕೈಗೆ ಕೊಟ್ಟಳು. "ನೀವೇ ಇಟ್ಟುಕೊಳ್ಳಿ. ಪ್ರಿಂಟರ್ ಒಂದು ಬಾಕಿ ಉಂಟು, ಅದನ್ನೂ ಸೆಟ್ ಮಾಡಿಬಿಡಿ."

ಮೇಜಿನ ಅಡಿಗೆ ತೂರಿ ತಂತಿ ಸಿಕ್ಕಿಸಿದೆ. ಅಲ್ಲಿ ಕತ್ತಲೆ ಇತ್ತು, ಕಣ್ಣು ಒರೆಸಿಕೊಂಡದ್ದು ಅವಳಿಗೆ ಕಂಡಿರಲಿಕ್ಕಿಲ್ಲ. ಹೊರಗೆ ಬಂದು ಟೆಸ್ಟ್ ಪ್ರಿಂಟ್ ಕೊಟ್ಟೆ. ಕಾಗದ ಬಂತು. ಅವಳು ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಒಂದೇ ಪುಟವಾ ದಿನೇಶಣ್ಣ?" ಅಂತ ಕೇಳಿದಳು.